ಊರು ಕೊಟ್ಟರೆ ಉತ್ತರ

ಸಿರಾ
೧೪ ನವೆಂಬರ್ ೨೦೨೫, ಶುಕ್ರವಾರ

ಕೋಪಿಷ್ಠೆ ಬಿಂದು, ನನ್ನ ಬಂಗಾರ,

ಹರಿಯಬೇಡ. ನನ್ನ ಹೆಸರು ಕಂಡರೆ ಲಕೋಟೆ ಸಮೇತ ಒಲೆಗೆ ಹಾಕುವವಳು ನೀನು ಅಂತ ಗೊತ್ತಿದ್ದೇ ಹಿಂದುಗಡೆ ಏನೂ ಬರೆದಿಲ್ಲ. ಮೂರು ವರ್ಷದಿಂದ ನನ್ನ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಡಿಟಿಪಿ ಅಂಗಡಿಯ ಆ ಹಳೇ ಲ್ಯಾಪ್‌ಟಾಪ್ ಎದ್ದು ಕೂತಿದೆ. ನಿನ್ನ ಅಮ್ಮನ ಒಗಟುಗಳು ಸಿಕ್ಕಿವೆ. ಒಂದೂ ಬಿಡದಂತೆ, ಮುನ್ನೂರ ಹನ್ನೆರಡು. ಈ ಕಾಗದವನ್ನೂ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ ಕಣೇ!

ನಿನಗೆ ನೆನಪಿಲ್ಲದ್ದೇನಲ್ಲ, ಆದರೂ ಹೇಳುತ್ತೇನೆ, ಹೇಳಿಕೊಂಡರೆ ನನಗೆ ಖುಷಿ. ನಿನ್ನ ಅಮ್ಮ ವಾರಕ್ಕೊಂದು ದಿನ ಮದಲೂರಿಂದ ಬಸ್ಸಿಳಿದು ಬಂದು, ಅಂಗಡಿಯ ಸ್ಟೂಲಿನ ಮೇಲೆ ಕಾಲು ಮಡಿಚಿ ಕೂತು, ಗಿರಾಕಿಗಳಿಗೂ ಬಿಡದೆ ಒಗಟು ಹಾಕುತ್ತಿದ್ದರು. ಮದುವೆ ಕಾರ್ಡಿನ ಪ್ರೂಫ್ ನೋಡಲು ಬಂದವರು ಮದುವೆ ಮರೆತು ತಲೆ ಕೆರೆದುಕೊಳ್ಳುತ್ತಿದ್ದರು. ಗೊತ್ತಾಗದಿದ್ದರೆ ಊರು ಕೊಡಬೇಕು, ಆಮೇಲೇ ಉತ್ತರ. ನಾನು ಬಡವನಹಳ್ಳಿ ಕೊಟ್ಟೆ, ಕೊಡಿಗೇನಹಳ್ಳಿ ಕೊಟ್ಟೆ, ಬೆಟ್ಟದ ಸಮೇತ ಮಧುಗಿರಿ ಕೊಟ್ಟೆ. ಅಮ್ಮ ಕೊನೆಗೆ, “ಇನ್ನೇನ್ ಉಳುದೈತೆ ನಿನ್ತಾವ? ನಮ್ ಮದ್ಲೂರ್ ಕೆರೆ ಮಾತ್ರ ಕೇಳ್ಬ್ಯಾಡ ಕಣಮ್ಮ, ಅದು ನಂದೇಯ,” ಅಂದಿದ್ದರು.

ಅವರ ಒಗಟುಗಳನ್ನು ನಾನೇ ಟೈಪ್ ಮಾಡುತ್ತಿದ್ದೆ. ಒಗಟು ಒಂದು ಫೈಲಿನಲ್ಲಿ, ಉತ್ತರ ಇನ್ನೊಂದು ಫೈಲಿನಲ್ಲಿ. ಪಕ್ಕಪಕ್ಕದಲ್ಲಿ ಇಡೋಣ ಅಂದಿದ್ದಕ್ಕೆ ಬೈದಿದ್ದರು: “ಬಾಗ್ಲ ತಕ್ಕೊಂಡೇ ಕೂತ್ರೆ ತಟ್ಟೋರ್ಯಾರೇ?” ನಾಲ್ಕನೇ ಕ್ಲಾಸು ಓದಿದ ಆ ಹೆಂಗಸು ನನ್ನ ಕೈಲಿ ಕೀಬೋರ್ಡ್ ಬೇರೆ ಹೇಳಿಸಿಕೊಂಡರು. ಒಂದೇ ಬೆರಳು. ಒತ್ತು ಕೊಡುವುದನ್ನೂ ಕಲಿತರು. ಶಿಫ್ಟ್ ಕೀಲಿ ಮಾತ್ರ ಒಲಿಯಲಿಲ್ಲ. “ಒಂದ್ನ ಅದುಮ್ಕೊಂಡು ಇನ್ನೊಂದ್ನ ಒತ್ತೋದಾ? ನನ್ಗಾಗಕಿಲ್ಲ ಬುಡು,” ಅಂದುಬಿಟ್ಟರು. ಹಾಗಾಗಿ ಅವರು ಒತ್ತಿದ ಕಡೆ ‘ಳ’ ಎಲ್ಲ ‘ಲ’, ‘ಫ’ ಎಲ್ಲ ‘ಪ’, ದೀರ್ಘವೆಲ್ಲ ಹ್ರಸ್ವ, ಸೊನ್ನೆಯಂತೂ ಇಲ್ಲವೇ ಇಲ್ಲ.

ಆಮೇಲೆ ಅವರಿಗೆ ಲಕ್ವ ಹೊಡೆದು ಮಾತು ನಿಂತಿತು. ಅದೇ ತಿಂಗಳು ಲ್ಯಾಪ್‌ಟಾಪೂ ನಿಂತಿತು. ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಗೆರೆ, ಅಷ್ಟೇ. ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಅಂದ. ಬೇಡ ಅಂತ ಕಿತ್ತುಕೊಂಡು ಬಂದೆ. ಕಾಪಿ ಮಾಡಿಟ್ಟ ಪೆನ್‌ಡ್ರೈವ್ ಕೊಡು ಅಂತ ನೀನು ಕೇಳಿದೆ. ಮಧುಗಿರಿ ಬಸ್ಸಿನಲ್ಲಿ ಬಿದ್ದುಹೋಯಿತು ಅಂದೆ ನಾನು. “ನಮ್ಮಮ್ಮನ ನಾಲಿಗೆ ಬೀಳಿಸ್ಕೊಂಡು ಬಂದೆ ನೀನು,” ಅಂತ ಅಂದು ಎದ್ದು ಹೋದವಳು ನೀನು, ಅಮ್ಮನನ್ನು ಕರೆದುಕೊಂಡು ಪಾವಗಡದಲ್ಲಿ ಬೇರೆ ಅಂಗಡಿ ಹಾಕಿದೆ. ಈಗ ಅರ್ಧ ತೆಲುಗಿನಲ್ಲೇ ಬೈಯುತ್ತೀಯಂತೆ. ಬೈಗುಳವಾದರೂ ಹೊಸದಾಗಿ ಕಲಿತೆಯಲ್ಲ, ಸಂತೋಷ.

ಲ್ಯಾಪ್‌ಟಾಪನ್ನು ಎಷ್ಟೋ ಸಲ ಗುಜರಿಗೆ ಹಾಕಲು ಹೋದೆ. ನನ್ನ ಅಮ್ಮಿ ಬಿಡಲಿಲ್ಲ. ಹಳೇ ದುಪ್ಪಟ್ಟದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. “ನರಸಕ್ಕನ ಮಾತು ಐತೆ ಅದ್ರಲ್ಲಿ, ಗುಜರಿಯೋನ್ಗೆ ಕೊಡಕ್ಕೆ ದಿಲ್ ಹೆಂಗ್ ಬಂತೇ ನಿಂಗೆ?” ಅಂತ ನಿನ್ನ ಅಮ್ಮನ ಹೆಸರೆತ್ತಿ ಬೈಯುತ್ತಿದ್ದಳು.

ಹೋದ ವಾರ ಕೊರಟಗೆರೆಯ ಗೌರೀಶ್ ಮೇಷ್ಟ್ರು ಪ್ರಶ್ನೆಪತ್ರಿಕೆ ಮಾಡಿಸಲು ಬಂದಿದ್ದರು. ಅವರ ಸ್ಕೂಲಿನ ಓಬೀರಾಯನ ಕಾಲದ ಕಂಪ್ಯೂಟರುಗಳೆಲ್ಲ ಲಿನಕ್ಸ್ ಅನ್ನುವ ಹಗುರವಾದ ಸಿಸ್ಟಮ್ ಹಾಕಿದ ಮೇಲೆ ಓಡುತ್ತಿವೆಯಂತೆ. ನಮ್ಮದರ ಕಥೆ ಕೇಳಿ, “ಅದು ಸತ್ತಿಲ್ಲ ಕಣಮ್ಮ, ಹೊರೆ ಜಾಸ್ತಿಯಾಗಿ ಕೂತೈತೆ. ಹೊರೆ ಇಳ್ಸಿ ನೋಡು,” ಅಂದರು. ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್ ಕೊಟ್ಟು ಹತ್ತು ಸಲ ಎಚ್ಚರಿಸಿದರು: ಮೊದಲು ‘ಟ್ರೈ’ ಒತ್ತಬೇಕು, ಅಪ್ಪಿತಪ್ಪಿ ‘ಇನ್‌ಸ್ಟಾಲ್’ ಒತ್ತಿ ಹೂಂ ಅಂದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಮೊನ್ನೆ ಬುಧವಾರ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು ಕೂತೆ. ಪಕ್ಕದಲ್ಲಿ ಅಮ್ಮಿ ತಸ್ಬಿ ಮಣಿ ಹಿಡಿದು ಕೂತಿದ್ದಳು. ಮೇಷ್ಟ್ರ ಪೆನ್‌ಡ್ರೈವ್ ಹಾಕಿ ಆನ್ ಮಾಡಿದರೆ ಎರಡೂ ಗುಂಡಿ ಪರದೆಯ ಮೇಲೆ ಅಕ್ಕಪಕ್ಕದಲ್ಲೇ ಬಂದವು. ಎರಡು ಸಲ ಓದಿ ನೋಡಿ ‘ಟ್ರೈ’ ಒತ್ತಿದೆ.

ಅಬ್ಬಾ, ಬಿಂದು! ಮುಂಚೆ ಅದು ಆನ್ ಆಗುವಷ್ಟರಲ್ಲಿ ನಾವು ಟೀ ಕುಡಿದು ಲೋಟ ತೊಳೆದಿಡುತ್ತಿದ್ದೆವು, ನೆನಪಿದೆಯಾ? ಈಗ ಅಮ್ಮಿ ಎರಡು ಮಣಿ ಎಣಿಸುವಷ್ಟರಲ್ಲಿ ಪರದೆ ಬೆಳಗಿತು. ಫ್ಯಾನಿನ ಗೊರಗೊರ ಸದ್ದೂ ಇಲ್ಲ. ಯಾರೋ ಪುಣ್ಯಾತ್ಮರು, ಎಲ್ಲಿಯವರೋ, ನಮ್ಮ ಮುಖವನ್ನೇ ನೋಡದವರು, ಹಳೇ ಯಂತ್ರಗಳೂ ಬದುಕಲಿ ಅಂತ ಇದನ್ನು ಮಾಡಿ ಸುಮ್ಮನೆ ಹಂಚಿದ್ದಾರೆ. ಅದು ಸಿರಾದ ನಮ್ಮ ಅಂಗಡಿಗೆ ಬಂದು ಮುಟ್ಟಿದೆ. ಯೋಚಿಸಿದರೆ ಮೈ ಜುಂ ಅನ್ನುತ್ತದೆ. ಅಮ್ಮಿ ಎದ್ದು ನಿಂತು “ಸುಭಾನಲ್ಲಾ” ಅಂದಳು.

ಹಳೇ ಡಿಸ್ಕಿನೊಳಗೆ ಹೋದೆ. ‘ಅಮ್ಮ’ ಅನ್ನುವ ಫೋಲ್ಡರ್ ಇಟ್ಟ ಜಾಗದಲ್ಲೇ ಇತ್ತು. ಫೈಲ್ ತೆರೆದೆ. ಮೊದಲ ಸಾಲಿನಲ್ಲೇ CªÀÄä! ಕೆಳಗೂ ಅಂಥದ್ದೇ, ಪುಟಗಟ್ಟಲೆ, ಇರುವೆ ಮುತ್ತಿದ ಹಾಗೆ. ಹೊಸ ಸಿಸ್ಟಮ್ ಅಮ್ಮನ ಮಾತನ್ನೆಲ್ಲ ಅಗಿದು ಉಗುಳಿದೆ ಅಂತ ತಿಳಿದು, ಟೇಬಲ್ಲಿಗೆ ತಲೆ ಇಟ್ಟು ಗೊಳೋ ಅಂತ ಅತ್ತೆ. ಅಮ್ಮಿ ಬೆನ್ನು ಸವರುತ್ತಾ ನಿಂತಿದ್ದಳು. ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದೆ. C ಅಂದರೆ ಅ, ªÀÄä ಅಂದರೆ ಮ್ಮ. ಅಯ್ಯೋ, ಹದಿನೈದು ವರ್ಷ ಡಿಟಿಪಿ ಮಾಡಿದ ಕೋತಿ ನಾನು! ಆ ಫೈಲು ನುಡಿ ಫಾಂಟಿನದು. ಈ ಹೊಸ ಸಿಸ್ಟಮ್ಮಿನಲ್ಲಿ ನುಡಿ ಫಾಂಟ್ ಎಲ್ಲಿಂದ ಬರಬೇಕು? ಒಳಗೆ ಅಕ್ಷರ ನೆಟ್ಟಗೇ ಇದೆ, ಉಡಲು ಬಟ್ಟೆ ಇಲ್ಲ, ಅಷ್ಟೇ. ಯುನಿಕೋಡಿಗೆ ಬದಲಾಯಿಸುವ ಸಾಧನ ಹುಡುಕಿ, ಫೈಲನ್ನು ಅದಕ್ಕೆ ಕೊಟ್ಟು, ಒತ್ತಿದೆ.

‘ಹೂ ಮ್ಯಾಗೆ, ಕಾಯಿ ಕೆಳ್ಗೆ, ತಾಯಿ ಬಿಸ್ಲಾಗೆ, ಮಕ್ಳು ಮಣ್ಣಾಗೆ.’

ಓದಿದ್ದು ನಾನು, ಕೇಳಿಸಿದ್ದು ಅಮ್ಮನ ದನಿ. ಆ ಎಳೆತ, ಕೊನೆಯಲ್ಲಿ ಹುಬ್ಬು ಹಾರಿಸುವುದು, ಎಲ್ಲ. ಮೂರು ವರ್ಷ ಕತ್ತಲ ಟ್ರಂಕಿನಲ್ಲಿ ಒಂದು ಅಕ್ಷರವೂ ಹುಳಿಯದೆ ಕಾದಿತ್ತಲ್ಲೇ! ಅಮ್ಮಿಗೆ ಉತ್ತರ ಹೊಳೆಯಲಿಲ್ಲ, ತನ್ನ ತವರೂರನ್ನೇ ಕೊಟ್ಟುಬಿಟ್ಟಳು. ಕಡ್ಲೇಕಾಯಿ ಅಂದಾಗ ಹಣೆ ಚಚ್ಚಿಕೊಂಡಳು. ಎಲ್ಲವನ್ನೂ ಮೂರು ಕಡೆ ಕಾಪಿ ಮಾಡಿದ ಮೇಲೇ ಧೈರ್ಯವಾಗಿ ‘ಇನ್‌ಸ್ಟಾಲ್’ ಒತ್ತಿದೆ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಇದನ್ನು ಟೈಪ್ ಮಾಡಿ ಎರಡು ಸಲ ಅಳಿಸಿದ್ದೇನೆ. ಪೆನ್‌ಡ್ರೈವ್ ಬಸ್ಸಿನಲ್ಲಿ ಬೀಳಲಿಲ್ಲ ಕಣೇ. ಅಂಥದ್ದೊಂದು ಇರಲೇ ಇಲ್ಲ. ನೀನು ಕೇಳಿದಾಗಲೆಲ್ಲ ಕಾಪಿ ಮಾಡಿದ್ದೇನೆ ಅನ್ನುತ್ತಿದ್ದೆ, ನಾಳೆ ಮಾಡೋಣ ಅಂತ ಬಿಟ್ಟಿದ್ದೆ. ಕಳೆದುಕೊಂಡೆ ಅಂದರೆ ದುರದೃಷ್ಟ, ಮಾಡಲೇ ಇಲ್ಲ ಅಂದರೆ ನನ್ನ ತಪ್ಪು. ಅದಕ್ಕೇ ಸುಳ್ಳು ಹೇಳಿದೆ. ನಿನ್ನ ಕೋಪ ನ್ಯಾಯವಾಗಿತ್ತು. ಇನ್ನೂ ಸ್ವಲ್ಪ ಹೆಚ್ಚೇ ಇರಬೇಕಿತ್ತು.

ಅಮ್ಮನಿಗೆ ಮಾತು ಬರದಿದ್ದರೂ ಕಿವಿ ಚುರುಕಾಗಿದೆ, ಹೂಂ ಅನ್ನಲು ಬೆರಳು ಎತ್ತುತ್ತಾರೆ ಅಂತ ಮೇಷ್ಟ್ರು ಹೇಳಿದರು. ನಿನ್ನ ವಿಳಾಸವೂ ಅವರೇ ಕೊಟ್ಟದ್ದು, ಅವರನ್ನು ಬೈಯಬೇಡ. ಬರುವ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ ಲ್ಯಾಪ್‌ಟಾಪ್ ಎತ್ತಿಕೊಂಡು ಬರುತ್ತೇನೆ. ಅಮ್ಮನ ಮಂಚದ ಪಕ್ಕ ಕೂತು ಅವರ ಒಗಟುಗಳನ್ನು ಅವರಿಗೇ ಹಾಕಬೇಕು. ನನ್ನನ್ನು ಕ್ಷಮಿಸದಿದ್ದರೂ ಚಿಂತೆಯಿಲ್ಲ, ಅಷ್ಟು ಹೊತ್ತು ಒಳಗೆ ಕೂರಿಸಿಕೋ.

ನಿನ್ನ ಬೈಗುಳಕ್ಕೆ ಹಸಿದಿರುವ,
ಫರೀಹಾ

ತಾ.ಕ.: ಉತ್ತರಗಳ ಫೈಲಿನ ಕೊನೆಗೆ ನಾನು ಟೈಪ್ ಮಾಡದ ಸಾಲುಗಳಿವೆ. ನೀನೂ ಮಾಡಿದ್ದಲ್ಲ, ತಪ್ಪು ನೋಡಿದರೇ ಗೊತ್ತಾಗುತ್ತದೆ. ಲಕ್ವ ಹೊಡೆಯುವ ಹಿಂದಿನ ವಾರದ ತಾರೀಕು. ಅವತ್ತು ನಾವಿಬ್ಬರೂ ಯಾವುದೋ ಕಾರ್ಡಿನ ಬಣ್ಣಕ್ಕೆ ಜಗಳ ಆಡುತ್ತಾ ಬೀದಿಗೆ ಹೋಗಿದ್ದೆವಲ್ಲ, ಆಗ ಅಂಗಡಿಯಲ್ಲಿ ಅಮ್ಮ ಒಬ್ಬರೇ ಇದ್ದರು. ಒಂದೇ ಬೆರಳಲ್ಲಿ ಎಷ್ಟು ಹೊತ್ತು ಒತ್ತಿದರೋ. ಇದ್ದದ್ದು ಇದ್ದ ಹಾಗೇ ಕೊಟ್ಟಿದ್ದೇನೆ:

‘ಒಬ್ಬಲು ಕುತವ್ಲೆ ಒಬ್ಬಲು ಸುತ್ತವ್ಲೆ ಇಬ್ರು ಉಜ್ಜದಿದ್ರೆ ಮನೆಗೆ ಹಿಟ್ಟಿಲ್ಲ’

ಬೀಸೋ ಕಲ್ಲು ಅಂದೆಯಾ? ನಾನೂ ಹಾಗೇ ಅಂದುಕೊಂಡೆ. ಇಬ್ಬರೂ ಸೋತೆವು ಕಣೇ. ಅದರ ಕೆಳಗೆ ಅಮ್ಮ ಕೊಟ್ಟ ಉತ್ತರ:

‘ಬಿಸೊ ಕಲ್ಲು ಅಲ್ಲ. ಬಿದು ಪರಿಹ’

ಸೋತವರು ಊರು ಕೊಡಬೇಕು. ನಾನು ಸಿರಾ ಕೊಟ್ಟೆ. ನೀನು ಪಾವಗಡ ಕೊಡು.