ಪ್ರೆಸ್ ನಿಲ್ಲಿಸುವ ಸನ್ನೆ

ಜೋರು ದನಿಯ ನನ್ನ ಅಪ್ಪನಿಗೆ,

ಮಧ್ಯಾಹ್ನ ಊಟದ ಹೊತ್ತಿಗೆ ನೀನು ಪೀಣ್ಯದ ಫ್ಯಾಕ್ಟರಿಯಿಂದ ಅಮ್ಮನಿಗೆ ಫೋನ್ ಮಾಡ್ತಿದ್ದದ್ದು ಈಗಲೂ ಕೇಳಿಸುತ್ತೆ. ಅಷ್ಟು ವರ್ಷ ತಗಡು ಒತ್ತುವ ಪ್ರೆಸ್ ಮಷೀನಿನ ಸದ್ದಿನಲ್ಲಿ ನಿಂತು ನಿನ್ನ ಕಿವಿ ಮಂದವಾಗಿತ್ತು. ನಿನ್ನ ಮಾತು ನಿನಗೇ ಕೇಳಬೇಕಾದರೂ ಕೂಗಬೇಕಿತ್ತು. "ಊಟ ಆಯ್ತೇನೇ? ಕಾಲುನೋವು ಹೆಂಗಿದೆ?" ದಾಸರಹಳ್ಳಿಯ ನಮ್ಮ ವಠಾರದ ಆರೂ ಮನೆಗೆ ಕೇಳಿಸುತ್ತಿತ್ತು. ಎದುರುಮನೆ ಜಯಕ್ಕ ಬಾಗಿಲಿಗೇ ಬಂದು, "ನಿಮ್ ಯಜಮಾನ್ರಿಗೆ ಹೇಳಮ್ಮ, ನಮ್ದೂ ಊಟ ಆಯ್ತು ಅಂತ" ಎಂದು ರೇಗಿಸುತ್ತಿದ್ದರು. ಅಮ್ಮ ನಾಚಿಕೊಂಡು ಒಳಗೆ ಓಡುತ್ತಿದ್ದಳು. ಎಂ.ಎ. ತರಗತಿಯಲ್ಲಿ ಪ್ರೀತಿಯ ಬಗ್ಗೆ ಎಷ್ಟೆಲ್ಲ ಓದಿದೆ ಅಪ್ಪಾ. ಆದರೂ ಆ ಫೋನಿನ ಹೊತ್ತಿನ ಅಮ್ಮನ ಮುಖ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ನಾನು ಚಿಕ್ಕವಳಿದ್ದಾಗ ನೀನು ನಿಮ್ಮ ಫ್ಯಾಕ್ಟರಿಯ ಕೈಸನ್ನೆಗಳನ್ನು ನನಗೆ ಕಲಿಸಿದ್ದೆ. ಪ್ರೆಸ್ ಶಾಪಿನಲ್ಲಿ ಮಾತು ಕೇಳಿಸೋದಿಲ್ಲ, ಸನ್ನೆಯೇ ಮಾತು. ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿದರೆ, ಪ್ರೆಸ್ ನಿಲ್ಲಿಸು. "ಇದನ್ನ ಮಾತ್ರ ತಮಾಷೆಗೆ ಮಾಡ್ಬಾರ್ದು ಪುಟ್ಟಿ. ಯಾರ್ದೋ ಬೆರಳು ಒಳಗಿರುತ್ತೆ. ಕಂಡ ತಕ್ಷಣ ನಿಲ್ಲಿಸ್ಬೇಕು, ಯಾಕೆ ಅಂತ ಕೇಳಂಗಿಲ್ಲ."

ಎಂ.ಎ. ಫಲಿತಾಂಶ ಬಂದ ದಿನ ನೀನು ಯೂನಿಫಾರ್ಮಿನಲ್ಲೇ ಕಾಲೇಜಿನ ಗೇಟಿಗೆ ಬಂದೆ. "ನನ್ ಮಗಳು ಫಸ್ಟ್ ಕ್ಲಾಸು ಕಣ್ರಮ್ಮಾ! ಇವಳ ತಾತಂಗೆ ಅಕ್ಷರ..." ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ಅಂಗೈ ಒತ್ತಿದೆ, ಎರಡು ಸಲ. ನೀನು ಅರ್ಧ ಮಾತಿಗೇ ನಿಂತೆ. ಮೊದಲು ನನ್ನ ಬೆರಳುಗಳನ್ನು ನೋಡಿದೆ, ಏನಾಯ್ತೋ ಅಂತ ಗಾಬರಿಯಿಂದ. ಆಮೇಲೆ ನಿನಗೆ ಅರ್ಥವಾಯಿತು. ತಪ್ಪಾಯ್ತು ಅನ್ನೋಕೆ ನನಗೆ ಒಂದು ವರ್ಷ ಸಿಕ್ಕಿತ್ತು ಅಪ್ಪಾ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಅಷ್ಟರಲ್ಲಿ ನಿನಗೆ ಎದೆನೋವು ಬಂತು.

ನಿನ್ನ ಪಕ್ಕದ ಪ್ರೆಸ್ಸಿನ ಶರಣಪ್ಪ, ಆ ರಾಯಚೂರಿನವರು, ವಯಸ್ಸು ಚಿಕ್ಕದಾದರೂ ನಿನ್ನ ಹಾಗೇ ಕಿವಿ ಮಂದ, ನೀನು ಹೋದ ಮೇಲೂ ಮನೆಗೆ ಬರುತ್ತಿದ್ದರು. ಅಮ್ಮನ ಬಿಪಿ ಮಾತ್ರೆ ತಂದುಕೊಡುವುದು ನೆಪ. ನನಗೂ ಅವರು ಬರುವ ದಿನ ಬೇಗ ಮನೆ ಸೇರುವ ಆತುರ. ಇಬ್ಬರೂ ಏನೂ ಹೇಳಿಕೊಂಡಿರಲಿಲ್ಲ. ಕಳೆದ ಸೋಮವಾರ ಬಸ್ ಸ್ಟಾಪಿನಲ್ಲಿ ಹತ್ತಿರ ಬಂದು, ಗುಟ್ಟಾಗಿ ಕೇಳುತ್ತಿದ್ದೇನೆ ಅಂದುಕೊಂಡು ಕೂಗಿದರು: "ಮೇಡಂ, ನಿಮ್ಮನ್ನ ಲಗ್ನ ಆಗಬೇಕಂತ ಮಾಡೀನ್ರಿ! ನಿಮಗ ಒಪ್ಪಿಗಿ ಐತೇನ್ರಿ?"

ಬಸ್ ಸ್ಟಾಪಿಗೆ ಬಸ್ ಸ್ಟಾಪೇ ತಿರುಗಿ ನೋಡಿತು. ನಾನು ನೆಲ ನೋಡಿಕೊಂಡು "ಹೂಂ" ಅಂದೆ.

"ಏನಂದ್ರಿ?"

ಹೂ ಮಾರುವ ಅಕ್ಕನಿಗೆ ತಡೆಯಲಾಗಲಿಲ್ಲ. "ಬಿರ್ರನೆ ಹೇಳಮ್ಮಿ, ನನ್ ಬಸ್ ಬತ್ತಾ ಐತೆ. ಕೇಳ್ದೆ ಹೋದ್ರೆ ನಂಗ್ ನಿದ್ದೆ ಬರಾಕಿಲ್ಲ!"

ಅವರು ಕಿವಿ ಮುಂದೆ ಮಾಡಿ ಕಾಯುತ್ತಿದ್ದರು. ಗೇಟಿನಲ್ಲಿ ಸುಮ್ಮನಾದ ನಿನ್ನ ಮುಖ ಕಣ್ಣ ಮುಂದೆ ಬಂತು. ಹುಟ್ಟಿದಾಗಿನಿಂದ ನಾನು ಅಷ್ಟು ಜೋರಾಗಿ ಮಾತಾಡಿರಲಿಲ್ಲ: "ಒಪ್ಪಿಗೆ ಇದೆ ರೀ! ಅಮ್ಮನ್ನ ಕೇಳಿ, ಮದುವೆ ಆಗೋಣ!"

ಮನುಷ್ಯರಿಗೆ ಇಷ್ಟೇ ಸಾಕೇನೋ ಅಲ್ವಾ ಅಪ್ಪಾ, ನಮ್ಮ ಮಾತು ಪೂರ್ತಿ ಕೇಳಿಸಿಕೊಳ್ಳುವ ಒಬ್ಬರು?

ಅಮ್ಮ ಒಪ್ಪಿದ್ದಾಳೆ. ನಾಳೆ ನಾನು ಪಾಠ ಮಾಡುವ ಶಾಲೆಯ ವಾರ್ಷಿಕೋತ್ಸವ. ಅವರೂ ಬರುತ್ತಾರೆ, ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ, ಟೀಚರುಗಳಿಗೆಲ್ಲ ಪರಿಚಯ ಮಾಡಿಸುತ್ತೇನೆ. ಸ್ವಲ್ಪ ಜೋರಾಗಿ ಮಾತಾಡ್ತಾರೆ ಅಂತ ಮುಂಚೆಯೇ ಯಾರಿಗೂ ಹೇಳಿಟ್ಟಿಲ್ಲ. ಹೇಳುವುದೂ ಇಲ್ಲ.

ನಿನ್ನ ಪುಟ್ಟಿ