ಬೆಟ್ಟದ ಕಂದು ಮೂಲೆ

ನಿಟ್ಟೂರು,
ಡಿಸೆಂಬರ್ ೨, ೨೦೨೪

ಪ್ರೀತಿಯ ಸೊಸೆ ಶ್ರೀಗೌರಿಗೆ,

ಡೆಹರಾಡೂನಿನ ಚಳಿ ಹೇಗಿದೆ? ನಾನು ಕಳಿಸಿದ ಸ್ವೆಟರ್ ಹಾಕಿಕೊಳ್ಳುತ್ತೀಯೋ, ಚಂದವಿಲ್ಲವೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ಕೆಮ್ಮು ಬಂದರೆ ಕಾಳುಮೆಣಸಿನ ಕಷಾಯ ಮಾಡಿಕೋ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಗಂಡ ನೀನಿಲ್ಲದೆ ಸೊರಗಿದ್ದೇನೆ ಎನ್ನುತ್ತಾನೆ; ಅವನ ಪ್ಯಾಂಟು ಹಾಗೆ ಹೇಳುವುದಿಲ್ಲ.

ಮಾರ್ಚಿನಲ್ಲಿ ಸುಟ್ಟುಹೋದ ನಮ್ಮ ಸೊಪ್ಪಿನಬೆಟ್ಟದಲ್ಲಿ ಕುರುಚಲು ಎಷ್ಟು ಚಿಗುರಿತೆಂದು ನೀನು ಅಷ್ಟು ದೂರ ಕುಳಿತು ಉಪಗ್ರಹದ ಚಿತ್ರದಲ್ಲಿ ಅಳೆಯುವುದನ್ನು ನಿನ್ನ ಮಾವ ಊರಿಡೀ ಹೇಳಿಕೊಂಡು ತಿರುಗುತ್ತಿದ್ದಾರೆ. ಮಳೆಗಾಲವಿಡೀ ಅದಕ್ಕೆ ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ ಎಂದಿದ್ದೆಯಲ್ಲ, ನಮಗೂ ಅಷ್ಟೇ ಕಂಡದ್ದು. ಆದರೆ ಹೊಸ ಚಿತ್ರದಲ್ಲಿ ಬೆಟ್ಟವೆಲ್ಲ ಹಸಿರಾಗಿ, ನಮ್ಮ ಕೊಟ್ಟಿಗೆಯ ಮೇಲಿನ ಮೂಲೆ ಮಾತ್ರ ಕಂದಾಗಿರುವುದನ್ನು ನೋಡಿದ ಮೇಲೆ ಅವರಿಗೆ ಊಟ ಸೇರುತ್ತಿಲ್ಲ. "ನೆಲದಲ್ಲಿ ಜೀವ ಇಲ್ಲೆ ಮಾರಾಯ್ತಿ, ಎಂತ ಮಾಡದು?" ಎನ್ನುತ್ತ ಅಲ್ಲಿಯ ಮಣ್ಣನ್ನು ಮೂರು ಸಲ ಮೂಸಿ ಬಂದರು. ಕನ್ನಡಕ ಬದಲಾಯಿಸಿ ಎಂದು ಎರಡು ವರ್ಷದಿಂದ ಹೇಳುತ್ತಿದ್ದೇನೆ.

ಇಪ್ಪತ್ತನೇ ತಾರೀಕು ನೀನು ವರದಿ ಕೊಡಬೇಕಂತೆ. ಆ ಮೂಲೆ ತಾನಾಗಿ ಚಿಗುರುವುದಿಲ್ಲವೆಂದು ನೀನು ಬರೆದರೆ ಅಲ್ಲಿ ಅರಣ್ಯ ಇಲಾಖೆಯವರು ಅಕೇಶಿಯಾ ನೆಡುವುದೆಂದು ಮಾತಾಗಿದೆ. ಕೇಳಿದಾಗಿನಿಂದ ನನಗೆ ಸಂಕಟ. ಮತ್ತಿ, ಹೊನ್ನೆ, ನೆಲ್ಲಿ ಇದ್ದ ಜಾಗ ಅದು. ಅಕೇಶಿಯಾ ಸೊಪ್ಪನ್ನು ನಮ್ಮ ದನ ಮೂಸಿಯೂ ನೋಡುವುದಿಲ್ಲ.

ಬೆಂಕಿ ಆರಿದ ಮೇಲೆ ಒಂದು ವರ್ಷ ಯಾರೂ ಬೆಟ್ಟಕ್ಕೆ ಕತ್ತಿ ಒಯ್ಯಬಾರದೆಂದು ಊರವರಿಂದ ದೇವರ ಮುಂದೆ ಆಣೆ ಹಾಕಿಸಿದವರು ನಿನ್ನ ಮಾವನೇ. ಪಕ್ಕದ ಮನೆಯ ಮೂಕಮ್ಮ ಒಂದು ಟೊಂಗೆ ಮುರಿದದ್ದಕ್ಕೆ ಇವರು ಅರ್ಧ ಗಂಟೆ ಭಾಷಣ ಮಾಡಿದರು. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದೆ.

ಹೊತ್ತುಹೊತ್ತಿಗೆ ಉಣ್ಣು, ತಲೆಗೆ ಎಣ್ಣೆ ಹಾಕು. ಹಿಡಿದ ಕೆಲಸ ನಿನ್ನ ಕೈಯಲ್ಲಿ ಚೆನ್ನಾಗಿ ಮುಗಿಯಲಿ, ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ದಾರಿ ನೋಡುತ್ತಿರುವ ಅತ್ತೆ,
ವಿಶಾಲಮ್ಮ

ಮರೆತಿದ್ದೆ: ಆ ಮೂಲೆ ಸತ್ತಿಲ್ಲ. ಕತ್ತರಿಸಿದವಳು ನಾನು. ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಸಲು ಸೊಪ್ಪಿಲ್ಲದೆ ನಮ್ಮ ಹಸು ಬೆಳ್ಳಿ ಕೆಸರಲ್ಲಿ ನಿಂತೇ ಇರುತ್ತಿದ್ದಳು, ನೋಡಲಾಗಲಿಲ್ಲ. ಒಂದೇ ಹೊರೆ ಎಂದು ಶುರುಮಾಡಿದ್ದು, ನಿನ್ನ ಮಾವ ಮಧ್ಯಾಹ್ನ ಮಲಗಿದಾಗೆಲ್ಲ ಹೋಗಿ, ಒಂಬತ್ತು ಸಲವಾಯಿತು. ಕೊನೆಯ ಸಲ ಕತ್ತರಿಸಿದ್ದು ಹೋದ ತಿಂಗಳು; ಈಗ ಮತ್ತೆ ಬೆರಳುದ್ದ ಚಿಗುರಿದೆ. ಉಪಗ್ರಹಕ್ಕೆ ಗುರುತು ಸಿಗದಿರಲೆಂದು ತಲೆ ತುಂಬ ಸೆರಗು ಹೊದ್ದುಕೊಂಡೇ ಹೋಗುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ಇವರು ಸ್ಪೀಕರ್ ಹಾಕುತ್ತಾರೆ. ಕಾಡುಪ್ರಾಣಿ ತಿಂದಿತೆಂದು ಬರೆಸೋಣವೆಂದುಕೊಂಡೆ, ಆಮೇಲೆ ನಾಚಿಕೆಯಾಯಿತು. ಒಂಬತ್ತು ಸಲ ಕತ್ತರಿಸಿದರೂ ಒಂಬತ್ತು ಸಲ ಚಿಗುರಿದ ನೆಲ ಎಂದು ಬರಿ, ಕತ್ತರಿಸಿದವರು ಯಾರೆಂದರೆ ನನ್ನ ಹೆಸರನ್ನೇ ಹಾಕು. ನಿನ್ನ ಮಾವನಿಗೆ ಇವತ್ತೇ ನಾನೇ ಹೇಳುತ್ತೇನೆ. ಊಟವಾಗಲಿ.