ಎಡಬದಿಯ ಗುಂಡು

ಮಾರ್ಚ್ 3, ಸೋಮವಾರ. ಸಂಜೆ

‘ಹೋಲುವುದೆಲ್ಲ ಒಂದೇ ಬಳ್ಳಿಯ ಹೂ’ — ಹೀಗೇ ಇತ್ತೆ ಆ ಪದ್ಯದ ಸಾಲು? ‘ಎಲ್ಲ’ ಇತ್ತೋ, ನಾನೇ ಸೇರಿಸಿಕೊಂಡೆನೋ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ಗುನುಗು. ಹೂವಿನ ಮಟ್ಟಿಗೆ ನಿಜವಿರಬಹುದು. ಗುಂಡಿನ ಮಟ್ಟಿಗೆ? ಬೇರೆ ಬೇರೆ ಪಿಸ್ತೂಲಿನ ಗುಂಡುಗಳು ಒಮ್ಮೊಮ್ಮೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಂದೇ ಪಿಸ್ತೂಲಿನವು ದಾಯಾದಿಗಳ ಹಾಗೆ ಮುಖ ತಿರುಗಿಸಿಕೊಂಡಿರುತ್ತವೆ.

ಫೊರೆನ್ಸಿಕ್ ಲ್ಯಾಬಿನಲ್ಲಿ ಇವತ್ತು ಮೇಷ್ಟ್ರು ಒಂದು ಫೈಲ್ ತಂದು ನನ್ನ ಮೇಜಿನ ಮೇಲಿಟ್ಟರು. ಅವರು ನಮ್ಮ ವಿಭಾಗದ ಮುಖ್ಯಸ್ಥರು. ಪಾಠ ಹೇಳುವ ಚಟಕ್ಕೆ ಆ ಹೆಸರು. ಪಿಸ್ತೂಲಿನ ನಳಿಗೆ ಗುಂಡಿನ ಮೇಲೆ ಬಿಡುವ ಗೀರು ಓದಲು ನನಗೆ ಕಲಿಸಿದ್ದೂ ಅವರೇ.

ಔಷಧಿ ಅಂಗಡಿಯವನ ಕೊಲೆ. ಲಾರಿ ಚಾಲಕನೊಬ್ಬ ಜೈಲಿನಲ್ಲಿದ್ದಾನೆ. ಪಿಸ್ತೂಲು ಅವನ ಸೀಟಿನಡಿ ಸಿಕ್ಕಿತಂತೆ. ಯಾರೋ ಇಟ್ಟದ್ದು ಎನ್ನುತ್ತಾನೆ. ಕಣ್ಣಾರೆ ಕಂಡವರಿಲ್ಲ. ಅಂಗಡಿಯ ಗೋಡೆಯಿಂದ ಕಿತ್ತ ಗುಂಡು ಆ ಪಿಸ್ತೂಲಿನದೇ ಎಂದು ನಾವು ಹೇಳಿದರೆ ಜೀವಾವಧಿ. ಹೇಳದಿದ್ದರೆ ಅವನು ಮನೆಗೆ.

“ಹೊಂದುತ್ತೆ ಕಣಮ್ಮ. ಒಂದ್ಸಲ ಕಣ್ಣಾಡಿಸಿ ಸಹಿ ಹಾಕು.”

ನಮ್ಮಲ್ಲಿ ಹೀಗೆಯೇ. ಇನ್ನೊಬ್ಬರು ಪರಿಶೀಲಿಸಬೇಕೆಂದು ನಿಯಮ. ಆದರೆ ಉತ್ತರ ಮೊದಲೇ ಕಿವಿಗೆ ಬಿದ್ದಿರುತ್ತದೆ. ಆಮೇಲೆ ಕಣ್ಣು ಅದನ್ನೇ ಹುಡುಕುತ್ತದೆ.

ಮೇಷ್ಟ್ರು ಮೈಕ್ರೋಸ್ಕೋಪಿನಲ್ಲಿ ತೆಗೆದ ಫೋಟೊ ಫೈಲಿನಲ್ಲಿತ್ತು, ನೋಡಿದೆ. ಎಡಕ್ಕೆ ಗೋಡೆಯ ಗುಂಡು. ಬಲಕ್ಕೆ ಅದೇ ಪಿಸ್ತೂಲಿನಿಂದ ನಾವು ನೀರಿನ ತೊಟ್ಟಿಗೆ ಹಾರಿಸಿ ತೆಗೆದ ಗುಂಡು. ನಡುವಿನ ಗೆರೆಯ ಆಚೀಚೆ ಗೀರುಗಳು ಹೊಲಿಗೆ ಹಾಕಿದ ಹಾಗೆ ಕೂಡಿವೆ. ಇಷ್ಟು ಚೆಂದ ಕೂಡಿದ್ದನ್ನು ನಾನು ಕಂಡದ್ದೇ ಕಡಿಮೆ. ಅದಕ್ಕೇ ಪೆನ್ನು ಏಳಲಿಲ್ಲ.

“ನಾಳೆ ಮಾಡ್ತೀನಿ ಸರ್,” ಅಂದೆ.

ಮಾರ್ಚ್ 4. ಮಧ್ಯಾಹ್ನ, ಊಟದ ಬಿಡುವು

ಗೋಡೆಯ ಗುಂಡನ್ನು ಕವರಿನಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಮೂಗು ಚಪ್ಪಟೆ. ತಳದ ಅಂಚು ಒಂದು ಕಡೆ ಜಜ್ಜಿದೆ — ಬರಿಗಣ್ಣಿಗೇ ಕಾಣುವಷ್ಟು.

ಫೋಟೊದ ಎಡಬದಿಯ ಗುಂಡು? ಅಂಚು ಬಳೆಯ ಹಾಗೆ ದುಂಡಗೆ. ತಿರುಗಿಸಿ ತಿರುಗಿಸಿ ನೋಡಿದೆ. ಗೋಡೆಯ ಗುಂಡನ್ನು ಹೇಗಿಟ್ಟರೂ ಆ ಅಂಚು ಬರುವುದಿಲ್ಲ.

ಅಂದರೆ ಫೋಟೊದಲ್ಲಿರುವ ಎರಡೂ ತೊಟ್ಟಿಯ ಗುಂಡುಗಳೇ. ಮೊದಲು ನಾವು ತೊಟ್ಟಿಯ ಎರಡನ್ನು ಪಕ್ಕಪಕ್ಕ ಇಟ್ಟು ಪಿಸ್ತೂಲಿನ ಗುಣ ನೋಡುತ್ತೇವೆ. ಆಮೇಲೆ ಎಡಗಡೆಯದನ್ನು ತೆಗೆದು ಗೋಡೆಯದನ್ನು ಇಡಬೇಕು. ಇಟ್ಟೇ ಇಲ್ಲ. ಕೂಡದೆ ಏನಾದೀತು? ತನ್ನ ನೆರಳಿಗೆ ತಾನೇ ಹೊಂದಿದ ಹಾಗೆ.

ಮೇಷ್ಟ್ರಿಗೆ ಕೈತಪ್ಪೇ? ಅವರಿಗೆ?

ಬೆಳಿಗ್ಗೆ ತನಿಖೆಯ ಇನ್‌ಸ್ಪೆಕ್ಟರ್ ಅವರ ಕೋಣೆಯಲ್ಲಿದ್ದ. ಬಾಗಿಲು ಹಾಕಿತ್ತು. ಎಂದೂ ಹಾಕುವವರಲ್ಲ.

ಮಾರ್ಚ್ 6

ನಾನೇ ಕೂತು ನೋಡಿದೆ, ಗೋಡೆಯದನ್ನೂ ತೊಟ್ಟಿಯದನ್ನೂ. ಕೆಲವು ಕಡೆ ಗೀರು ಕೂಡುತ್ತದೆ. ಕೆಲವು ಕಡೆ ಇಲ್ಲ. ಉಳಿದ ಕಡೆ ಜಜ್ಜಿ ಅಳಿಸಿದೆ. ಹೌದು ಅನ್ನಲಾರೆ. ಅಲ್ಲ ಅನ್ನಲೂ ಆರೆ. ಹೇಳಲಾಗದು — ಅಷ್ಟೇ ಸತ್ಯ. ಆದರೆ ಆ ಮಾತಿನ ಮೇಲೆ ಯಾರನ್ನೂ ಜೈಲಿಗೆ ಹಾಕಲಾಗುವುದಿಲ್ಲ. ಅದಕ್ಕೇ ಯಾರಿಗೂ ಬೇಡ ಅದು.

ಇವರಿಗೆ ಹೇಳಿದೆ. ಇವರು ತರಕಾರಿ ಹೆಚ್ಚುತ್ತಿದ್ದರು.

“ಮದುವೆಯಾದಾಗಿಂದ ನನ್ನ ಮೇಲೊಂದೇ ಅನುಮಾನ ಇತ್ತು. ಈಗ ಪಾಪ ಆ ಮುದುಕನ ಮೇಲೂನಾ?”

“ತಮಾಷೆ ಬೇಡ ರೀ. ಬೇಕಂತಲೇ ಮಾಡಿದ್ದಾರೆ ಅನ್ಸುತ್ತೆ.”

“ಅವರನ್ನೇ ಕೇಳು. ಬಾಯಿದೆಯಲ್ಲ. ನನ್ನ ಮುಂದೆ ಮಾತ್ರ ಕೆಲಸ ಮಾಡೋ ಬಾಯಾ ಅದು?”

ಮಾರ್ಚ್ 10, ಸೋಮವಾರ

ಕೇಳಿದೆ. ಮೈಕ್ರೋಸ್ಕೋಪಿನಲ್ಲಿ ಎರಡನ್ನೂ ಜೋಡಿಸಿಟ್ಟು ಕರೆದೆ. “ಸರ್, ಒಂದ್ನಿಮಿಷ ನೀವೇ ನೋಡಿ.”

ಬಂದರು. ಕೂತರು. ಕಣ್ಣಿಟ್ಟರು. ತುಂಬ ಹೊತ್ತು.

“ಏನು ಕಾಣ್ತಿದೆ ಹೇಳು ನೋಡೋಣ,” ಅಂದರು. ಹಳೇ ಪಾಠದ ದನಿ.

“ಕೂಡ್ತಿಲ್ಲ ಸರ್. ಫೈಲಿನ ಫೋಟೊದಲ್ಲಿರೋದು ಗೋಡೆಯ ಗುಂಡೇ ಅಲ್ಲ.”

ಮುಖ ಬಿಳಿಚಿತು. ಎದ್ದುಬಿಟ್ಟರು. “ನಿನಗೆ ಗೀರು ಅಂದ್ರೇನು ಅಂತ ಹೇಳಿಕೊಟ್ಟೋನು ನಾನು. ಇವತ್ತು ನನ್ನ ಕಣ್ಣನ್ನೇ ಪರೀಕ್ಷೆ ಮಾಡ್ತೀಯ? ಸಹಿ ಹಾಕಕ್ಕೆ ಇಷ್ಟ ಇಲ್ದಿದ್ರೆ ಬಿಡು, ಬೇರೆಯವರಿದ್ದಾರೆ.”

ತಪ್ಪಿಲ್ಲದವರಿಗೆ ಇಷ್ಟು ಸಿಟ್ಟು ಬರುತ್ತದೆಯೇ…

ಸಂಜೆ ಇನ್‌ಸ್ಪೆಕ್ಟರನ ಫೋನ್. “ಏನ್ ಮೇಡಂ, ನೀವು ಪದ್ಯಗಿದ್ಯ ಓದೋರಂತೆ? ಒಳ್ಳೇದು. ಆದ್ರೆ ಗುಂಡಲ್ಲಿ ಪದ್ಯ ಹುಡುಕಬೇಡಿ. ಹೊರಗೆ ಅಂಗಡಿಯವನ ಹೆಂಡತಿ ಮಕ್ಕಳು ಕಾಯ್ತಿದ್ದಾರೆ.”

ನಾನು ಪದ್ಯ ಓದುವುದು ಲ್ಯಾಬಿನಲ್ಲಿ ಗೊತ್ತಿರುವುದು ಒಬ್ಬರಿಗೇ.

ಮಾರ್ಚ್ 13. ಬೆಳಿಗ್ಗೆ, ಹೊರಡುವ ಮುಂಚೆ

ನಿರ್ದೇಶಕರಿಗೆ ಬರೆದದ್ದು ಚೀಲದಲ್ಲಿದೆ. ‘ಫೋಟೊ ಬೇರೆ ಗುಂಡಿನದು’ ಎಂದಷ್ಟೇ ಮೊದಲು ಬರೆದಿದ್ದೆ. ಆಮೇಲೆ ‘ಉದ್ದೇಶಪೂರ್ವಕವಾಗಿ, ಪೊಲೀಸರೊಡನೆ ಸೇರಿ’ ಎಂದು ಸೇರಿಸಿದೆ. ಮೂರು ಸಲ ಹೊಡೆದುಹಾಕಿ ಮತ್ತೆ ಬರೆದೆ. ಕೈತಪ್ಪು ಎಂದರೆ ತಿದ್ದಿ ಮುಚ್ಚಿಬಿಡುತ್ತಾರೆ. ಬೇಕಂತಲೇ ಎಂದರೆ ಫೈಲ್ ತೆರೆಯಲೇಬೇಕು. ಆ ಚಾಲಕ ಬದುಕಿಕೊಳ್ಳುತ್ತಾನೆ.

ಅದೇ ದಿನ, ಸಂಜೆ

ಕೊಟ್ಟೆ. ನಿರ್ದೇಶಕರು ಓದಿ, “ಇದರ ಅರ್ಥ ಗೊತ್ತಲ್ಲ? ಅವರ ಪಿಂಚಣಿ, ಮಾನ, ಎಲ್ಲಾ ಹೋಗುತ್ತೆ,” ಅಂದರು. ಗೊತ್ತು ಅಂದೆ. ಗುಂಡು ಇನ್ನೊಂದು ಲ್ಯಾಬಿಗೆ ಹೋಗುತ್ತದೆ. ಕೋರ್ಟಿನಲ್ಲಿ ತಾರೀಖು ಮುಂದಕ್ಕೆ. ಮೇಷ್ಟ್ರನ್ನು ಮಧ್ಯಾಹ್ನವೇ ಮನೆಗೆ ಕಳಿಸಿದರು. ಮೊಗಸಾಲೆಯಲ್ಲಿ ಎದುರಾದರು. ನನ್ನನ್ನು ನೋಡಿಯೂ ನೋಡದ ಹಾಗೆ ಪಕ್ಕದಲ್ಲೇ ಹಾದುಹೋದರು.

ಎದೆ ಹಗುರಾಗಬೇಕಿತ್ತು.

ಮಾರ್ಚ್ 15, ಶನಿವಾರ. ಹನ್ನೊಂದು ಗಂಟೆ

ಮಾರ್ಕೆಟ್ಟಿನಿಂದ ಬಂದು ಬೀಗ ತೆಗೆಯುತ್ತಿದ್ದೆ. ಎದುರು ಮನೆಯ ಅಕ್ಕ ಹೊರಗೆ ಬಂದರು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ.

“ನಿಮ್ಮ ಆಫೀಸಿನ ಹಿರಿಯರಂತೆ ಕಣ್ರೀ, ಬಂದಿದ್ರು. ನೀವು ಅವರನ್ನ ಮೇಷ್ಟ್ರು ಅಂತೀರಂತೆ. ಏನೋ ಹೇಳಬೇಕಿತ್ತಂತೆ, ನನ್ನತ್ರ ಬಾಯಿ ಬಿಡಲಿಲ್ಲ. ಇದೇ ನಿಮ್ಮ ಬಾಗಿಲ ಮುಂದೆ ನಿಂತ್ಕೊಂಡು, ‘ಈ ಮನೆ ನಂಬರ್ ಎಷ್ಟಮ್ಮಾ’ ಅಂತ ನನ್ನ ಕೇಳ್ತಾರೆ! ಅಲ್ಲೇ ಅಂಗೈಯಗಲ ಬರೆದಿದೆಯಲ್ಲ ಅಂದೆ. ಬೆರಳಿಟ್ಟು ತಡವಿ ತಡವಿ ನೋಡಿದ್ರು, ಪಾಪ. ಅಷ್ಟು ಕಣ್ಣು ಹೋಗಿರೋರನ್ನ ಒಬ್ಬರನ್ನೇ ಹೊರಗೆ ಕಳಿಸ್ತಾರಲ್ಲ, ಮನೇಲಿ ಯಾರಿಗೂ ಗೊತ್ತಿಲ್ವಾ?”